ಬಾಗಿಲ ಮೇಲಿನ ಊಟ

ಅವರು ತುಪ್ಪ ಬಡಿಸುವಾಗ ಬಲಗೈಯ ಕೊನೆಯ ಎರಡು ಬೆರಳುಗಳು ಬೇರೆ ಯಾರದೋ ಕೈಗೆ ಸೇರಿದವು ಅನ್ನುವ ಹಾಗೆ ಹೊರಕ್ಕೆ ತಿರುಗಿ ನಿಲ್ಲುತ್ತಿದ್ದವು. ಉಂಗುರದ ಬೆರಳು ನಡುಗಿಣ್ಣಿನಲ್ಲಿ ಹಿಂದಕ್ಕೆ ಬಾಗಿತ್ತು. ಕಿರುಬೆರಳಿಗೆ ಉಗುರೇ ಇರಲಿಲ್ಲ. ಮಿಕ್ಕ ಮೂರು ಬೆರಳುಗಳಲ್ಲಿ ಚಮಚ ಹಿಡಿದು, ಒಂದು ಹನಿಯೂ ಆಚೀಚೆ ಬೀಳದಂತೆ ಅನ್ನದ ನಡುವಿನ ಗುಳಿಗೆ ತುಪ್ಪ ಬಿಡುತ್ತಿದ್ದರು. ಹೊಸಬರು ಆ ಕೈಯನ್ನೇ ನೋಡುತ್ತ ಊಟ ಮರೆತರೆ, "ಕೈ ನೋಡಿದ್ದು ಸಾಕು, ಎಲೆ ನೋಡ್ಕೊಳ್ಳಿ" ಎನ್ನುತ್ತಿದ್ದರು.

ಊಟದ ಮನೆ ನಡೆಸುತ್ತಿದ್ದ ಅವರನ್ನು ಎಲ್ಲರೂ ಬಂಗಲೆಯಮ್ಮ ಎಂದು ಕರೆಯುತ್ತಿದ್ದರು. ರಾಜಾಜಿನಗರದ ಬ್ಲಾಕುಗಳೆಲ್ಲ ಸ್ಕೇಲು ಇಟ್ಟು ಗೆರೆ ಎಳೆದ ಹಾಗಿವೆ. ಅವರ ಬಂಗಲೆ ಮಾತ್ರ ರಸ್ತೆಗೆ ಓರೆಯಾಗಿ ಕೂತಿತ್ತು. ಬಡಾವಣೆ ಬರುವುದಕ್ಕೂ ಮೊದಲು, ಸುತ್ತ ರಾಗಿ ಹೊಲವಿದ್ದ ಕಾಲದಲ್ಲಿ, ಅವರ ಮಾವ ಬಾವಿಯ ಕಡೆಗೆ ಮುಖ ಮಾಡಿ ಕಟ್ಟಿಸಿದ ಮನೆ ಅದು. ಹೊಲಗಳು ಸೈಟುಗಳಾದವು, ಬಾವಿ ಮುಚ್ಚಿಹೋಯಿತು, ಮನೆ ಮಾತ್ರ ಇಲ್ಲದ ಬಾವಿಯನ್ನು ನೋಡುತ್ತ ಉಳಿಯಿತು. ಮುಂದೆ ಮರದ ಜಾಲರಿಯ ಜಗಲಿ, ಒಳಗೆ ಕೆಂಪು ಗಾರೆಯ ನೆಲ, ಗೋಡೆಯ ಎತ್ತರದಲ್ಲಿ ಬಣ್ಣದ ಗಾಜಿನ ಬೆಳಕಿಂಡಿ. ಮಧ್ಯಾಹ್ನ ಒಂದು ಗಂಟೆಗೆ ನೀವು ಬಲಗಡೆಯ ಕೋಣೆಯಲ್ಲಿ ಊಟಕ್ಕೆ ಕೂತರೆ ಅನ್ನದ ಒಂದು ಪಕ್ಕ ಹಸಿರಾಗಿ ಕಾಣುತ್ತಿತ್ತು.

ನಾನು ಅಲ್ಲಿಗೆ ಊಟಕ್ಕೆ ಹೋಗತೊಡಗಿದ್ದು ಎಂಬತ್ತೆರಡರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಹತ್ತಿರದ ಒಂದು ಚಿಕ್ಕ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು, ಬೋಲ್ಟು, ವಾಷರುಗಳನ್ನು ಎಣಿಸಿ ಬರೆದಿಡುವುದು ನನ್ನ ಕೆಲಸ. ಆ ಚಾಳಿ ಸಂಜೆಯ ಡೈರಿಗೂ ಹತ್ತಿತ್ತು. ಏನು ಕಂಡರೂ ಎಣಿಸುತ್ತಿದ್ದೆ. ಮೊದಲ ದಿನವೇ ಎಲೆಯ ಪಕ್ಕಕ್ಕೆ ಕೈ ಇಟ್ಟಾಗ ಬೆರಳಿಗೆ ತಣ್ಣನೆಯ ಕಬ್ಬಿಣ ತಾಗಿತು. ನೋಡಿದರೆ ಅಗುಳಿ.

"ಇದು ಬಾಗಿಲಾ ಅಮ್ಮಾ?"

"ಊಟಕ್ಕೆ ಬಂದಿದೀಯೋ, ಮನೆ ಕೊಳ್ಳಕ್ಕೆ ಬಂದಿದೀಯೋ?"

ಬಂಗಲೆಗೆ ಹನ್ನೆರಡು ಬಾಗಿಲುಗಳಿದ್ದವು. ಮುಂಬಾಗಿಲು ಮತ್ತು ಬಚ್ಚಲ ಬಾಗಿಲು ಬಿಟ್ಟು ಮಿಕ್ಕ ಹತ್ತನ್ನೂ ಅವರು ಕೀಲಿನಿಂದ ಬಿಡಿಸಿ, ಮಲಗಿಸಿ, ಕಾಲು ಹೊಡೆಸಿ ಮೇಜು ಮಾಡಿಸಿದ್ದರು. ಹಿತ್ತಲ ಬಾಗಿಲೂ ಮೇಜಾಗಿತ್ತು. ದೇವರ ಮನೆಯ ಬಾಗಿಲಿಗೆ ಹಿತ್ತಾಳೆಯ ಗಂಟೆಗಳು ಹಾಗೇ ಇದ್ದವು. ಮಕ್ಕಳು ಕೆಳಗಿನಿಂದ ಮೊಣಕಾಲು ತಾಗಿಸಿದರೆ ಊಟದ ನಡುವೆ ಗಂಟೆ ಹೊಡೆದುಕೊಳ್ಳುತ್ತಿತ್ತು. ಬಚ್ಚಲ ಬಾಗಿಲನ್ನು ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ, "ಅದರ ಮೇಲೆ ಊಟ ಹಾಕಿದ್ರೆ ನೀನು ತಿಂತೀಯೇನೇ?" ಎಂದರು.

ಮೂಲೆಯಲ್ಲಿದ್ದ ಉಗ್ರಾಣದ ಬಾಗಿಲಿನ ಮೇಜಿನಲ್ಲಿ ಮಾತ್ರ ಯಾರನ್ನೂ ಕೂರಿಸುತ್ತಿರಲಿಲ್ಲ. ಅದರ ಮಧ್ಯದ ಹಲಗೆ ಒಡೆದು, ಬೇರೆ ಮರದ ತೇಪೆ ಹಾಕಿತ್ತು. ಆ ಮೇಜು ಏತಕ್ಕೆ ಎಂದು ನನಗೆ ತಿಳಿದದ್ದು ಒಂದು ಭಾನುವಾರ.

ಗಂಡ ಹೆಂಡತಿ ಊಟಕ್ಕೆ ಬಂದಿದ್ದರು. ಹೆಂಡತಿಯ ಕೈ ತಾಗಿ ಮಜ್ಜಿಗೆಯ ಲೋಟ ಗಂಡನ ಪ್ಯಾಂಟಿನ ಮೇಲೆ ಉರುಳಿತು. ಅವನು ಕೂತಲ್ಲಿಂದಲೇ ಮುಂಗೈಯಲ್ಲಿ ಅವಳ ಮುಖಕ್ಕೆ ಬಾರಿಸಿದ. ಮೂಗಿನಿಂದ ರಕ್ತ ಎಲೆಯ ಮೇಲೆ ಬಿತ್ತು. ಬಂಗಲೆಯಮ್ಮ ಹುಳಿಯ ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟರು. ಅವನ ಕಾಲರು ಹಿಡಿದು ಎಳೆದುಕೊಂಡು ಹೋಗಿ ತೇಪೆಯ ಮೇಜಿನ ಮುಂದೆ ಕೂರಿಸಿದರು.

"ಏನ್ರೀ ಇದು? ನನ್ನ ಹೆಂಡ್ತಿ. ನಿಮಗೇನ್ರೀ?"

"ನನ್ನ ಮನೆ ಕಣಪ್ಪಾ."

ಎರಡು ಬಿಟ್ಟರು. ಸದ್ದು ಅಡುಗೆಮನೆಯವರೆಗೂ ಕೇಳಿತು. ಅವನ ಕೆನ್ನೆಯ ಮೇಲೆ ಮೂರೇ ಬೆರಳಿನ ಗುರುತು ಮೂಡಿತು. ಆಮೇಲೆ ಅವನ ಮುಂದೆ ಹೊಸ ಎಲೆ ಹಾಕಿ, "ಊಟ ಮುಗಿಸಿ ಏಳು. ಅರ್ಧಕ್ಕೆ ಎದ್ದರೆ ಇನ್ನೊಂದು ಬೀಳತ್ತೆ" ಎಂದರು. ಅವನು ಮುಗಿಸಿ ಎದ್ದ. ಮುಂದಿನ ತಿಂಗಳು ಅವನ ಹೆಂಡತಿ ಒಬ್ಬಳೇ ಬಂದು ಗಂಟೆಯ ಮೇಜಿನಲ್ಲಿ ಊಟ ಮಾಡಿ ಹೋದಳು.

ಅವರು ಸಾಧು ಸ್ವಭಾವದವರೆಂದು ಹೇಳಿದರೆ ಸುಳ್ಳಾಗುತ್ತದೆ. ಅವರ ಕೈ ಸುಮ್ಮನೆ ಇರುತ್ತಿರಲಿಲ್ಲ. ಬೇಳೆಗೆ ಅಡುಗೆ ಸೋಡ ಹಾಕಿದ್ದಕ್ಕೆ ಅಡುಗೆಯವರ ಬೆನ್ನಿಗೆ ಸೌಟು ಬಿದ್ದದ್ದನ್ನು ನಾನೇ ಮೂರು ಸಲ ಬರೆದುಕೊಂಡಿದ್ದೇನೆ. ಲೋಟ ಎಸೆದದ್ದು ಅದಕ್ಕಿಂತ ಹೆಚ್ಚು. ಅಡುಗೆಯವರು ಐವತ್ತು ದಾಟಿದ ಒಂಟಿ ಮನುಷ್ಯ. "ಎರಡು ದಿನ ಅಮ್ಮ ಹೊಡೀಲಿಲ್ಲ ಅಂದ್ರೆ ಇವರಿಗೆ ಹುಷಾರಿಲ್ವೇನೋ ಅಂತ ಭಯ ಆಗತ್ತೆ" ಎಂದು ನನ್ನೊಡನೆ ನಗುತ್ತಿದ್ದರು.

ಕರೆಂಟಿನ ಅಭಾವದಿಂದ ನಮ್ಮ ಕಾರ್ಖಾನೆಗೆ ವಾರದ ರಜೆ ಮಂಗಳವಾರ. ಆ ಮಧ್ಯಾಹ್ನಗಳನ್ನು ನಾನು ಬಂಗಲೆಯಲ್ಲೇ ಕಳೆಯುತ್ತಿದ್ದೆ. ಒಂದು ಮಂಗಳವಾರ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ, ನಾನು ಕೇಳದಿದ್ದರೂ ಅವರೇ ಬೆರಳಿನ ಮಾತೆತ್ತಿದರು. ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಮದುವೆಯಾಗಿ ಆರನೇ ವರ್ಷ. ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂತ ನಮ್ಮ ಯಜಮಾನ್ರು ಉಗ್ರಾಣಕ್ಕೆ ನೂಕಿ ಬಾಗಿಲು ಹಾಕಿದ್ರು. ನನ್ನ ಕೈ ಚೌಕಟ್ಟಿನಲ್ಲಿತ್ತು. ಕಂಡೇ ಹಾಕಿದ್ರು ಕಣೇ. ಎರಡು ಸಲ ಹಾಕಿದ್ರು, ಮೊದಲನೇ ಸಲ ಬಾಗಿಲು ಕೂತಿರಲಿಲ್ಲ."

ನಾನು ಕಾಯಿ ಕೆಳಗಿಟ್ಟೆ.

"ಎರಡು ಹಗಲು, ಎರಡು ರಾತ್ರಿ ಒಳಗಿದ್ದೆ. ಬೆಲ್ಲ ಇತ್ತು, ನೀರಿರಲಿಲ್ಲ. ಅತ್ತೆ ಆಚೆ ಜಪ ಮಾಡ್ತಿದ್ರು, ಕೇಳಿಸ್ತಿತ್ತು. ಮೈದುನ ಆಗ ಕಾಲೇಜು ಹುಡುಗ. ನಾನು ಕೂಗಿದಾಗೆಲ್ಲ ರೇಡಿಯೋ ಜೋರು ಮಾಡ್ತಿದ್ದ. ಮೂರನೇ ದಿನ ಒರಳಿನಿಂದ ಗುಂಡುಕಲ್ಲು ಎತ್ಕೊಂಡೆ. ಎಡಗೈಲಿ. ನಲವತ್ತೊಂದು ಏಟಿಗೆ ಹಲಗೆ ಒಡೀತು. ಎಣಿಸ್ತಾ ಇದ್ದೆ, ಇಲ್ಲದಿದ್ರೆ ಪ್ರಜ್ಞೆ ತಪ್ಪಿ ಬಿದ್ದುಹೋಗ್ತಿದ್ದೆ."

"ಆಮೇಲೆ?"

"ಅವರು ಹಜಾರದಲ್ಲಿದ್ರು. ಕೈ ಎತ್ತಿದ್ರು. ಕಲ್ಲು ಇನ್ನೂ ನನ್ನ ಕೈಲೇ ಇತ್ತು." ಅವರು ಒಂದು ಕಾಯಿ ಸೀಳಿ ಕಾಳನ್ನು ಬುಟ್ಟಿಗೆ ಹಾಕಿದರು. "ಅವರ ಮುರಿದ ಕೈ ಸರಿಯಾಗಿ ಕೂಡಲೇ ಇಲ್ಲ. ಸಾಯೋ ತನಕ ನಾನೇ ಕಲಸಿ ತಿನ್ನಿಸಿದೆ. ಮುರಿದವಳೂ ನಾನೇ."

ಗಂಡ ತೀರಿಕೊಂಡ ಮೇಲೆ, ಅತ್ತೆಯೂ ಹೋದ ಮೇಲೆ, ಬಡಗಿಯನ್ನು ಕರೆಸಿ ಬಾಗಿಲುಗಳನ್ನು ಇಳಿಸಿದರು. ಆ ವರ್ಷವೇ ಊಟದ ಮನೆ ತೆರೆದರು. ಬೇರೆ ಮನೆ ಮಾಡಿದ್ದ ಮೈದುನನಿಗೆ ಆ ಜಾಗದಲ್ಲಿ ಕಾಂಪ್ಲೆಕ್ಸ್ ಎಬ್ಬಿಸುವ ಆಸೆ. ಅತ್ತಿಗೆಯ ಸಹಿ ಬೇಕಿತ್ತು. ವರ್ಷಕ್ಕೆರಡು ಕಾಗದ ಕಳಿಸುತ್ತಿದ್ದ. ಅವರು ಅವನ್ನು ಒಲೆಗೆ ಹಾಕುತ್ತಿದ್ದರು. ನಾನು ಅವನನ್ನು ಒಮ್ಮೆಯೂ ನೋಡಿರಲಿಲ್ಲ. ನನ್ನ ತಪ್ಪು ಶುರುವಾಗುವುದು ಇಲ್ಲಿಂದ.

ಅಡುಗೆಯವರನ್ನು ಹಿಟ್ಟಿನ ಗಿರಣಿಗೆ ಯಾವ ಹೊತ್ತಿನಲ್ಲಿ ಕಳಿಸಿದರೆ ಊಟಕ್ಕೆ ಅಡ್ಡಿಯಾಗುವುದಿಲ್ಲ ಎಂದು ಬಂಗಲೆಯಮ್ಮ ಒಮ್ಮೆ ಕೇಳಿದ್ದರು. ನಾನು ಮೂರು ತಿಂಗಳು ಕೂತು, ಅರ್ಧ ಗಂಟೆಗೊಮ್ಮೆ ಎಷ್ಟು ಜನ ಇರುತ್ತಾರೆಂದು ಡೈರಿಯಲ್ಲಿ ಪಟ್ಟಿ ಮಾಡಿದೆ. ನಾನಿಲ್ಲದ ದಿನಗಳ ಲೆಕ್ಕವನ್ನು ಅಡುಗೆಯವರು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀರಿಡುತ್ತಿದ್ದರು. ವಾರದಲ್ಲಿ ಎಲ್ಲಕ್ಕಿಂತ ಖಾಲಿ ಹೊತ್ತು ಮಂಗಳವಾರ ಮೂರರಿಂದ ನಾಲ್ಕು. ಆ ಚೌಕದಲ್ಲಿ ಸೊನ್ನೆ ಬರೆದು ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೆ. ಅಂದಿನಿಂದ ಗಿರಣಿಯ ಹೊತ್ತು ಅದೇ ಆಯಿತು.

ಎಂಬತ್ತನಾಲ್ಕರ ಆಷಾಢದಲ್ಲಿ ಸಫಾರಿ ಸೂಟಿನ ಒಬ್ಬರು ನನ್ನ ಮೇಜಿನಲ್ಲಿ ಎದುರಿಗೆ ಬಂದು ಕೂತರು. ಶನಿವಾರದ ಮಧ್ಯಾಹ್ನ. ಬಂಗಲೆಯಮ್ಮ ತಲೆನೋವೆಂದು ಒಳಗೆ ಮಲಗಿದ್ದರು. ಅಡುಗೆಯವರು ಅಡುಗೆಮನೆ ಬಿಟ್ಟು ಬರುವಂತಿರಲಿಲ್ಲ. ನಾನೇ ಎದ್ದು ಅವರಿಗೆ ಬಡಿಸಿದೆ. ತೆರೆದಿದ್ದ ಡೈರಿಯನ್ನು ನೋಡಿ, "ಎಷ್ಟು ನೀಟಾಗಿ ಬರೀತೀಯಮ್ಮಾ. ನಮ್ಮ ಆಫೀಸಲ್ಲಿ ಇಂಥೋರು ಒಬ್ರೂ ಇಲ್ಲ" ಎಂದರು. ಅದುವರೆಗೆ ನನ್ನ ಪಟ್ಟಿಯನ್ನು ಯಾರೂ ಹೊಗಳಿರಲಿಲ್ಲ.

"ನಮ್ಮ ತಾಯಿಗೆ ತುಂಬ ವಯಸ್ಸಾಗಿದೆ. ಜನ ಕಂಡ್ರೆ ಗಾಬರಿ. ಯಾರೂ ಇಲ್ಲದ ಹೊತ್ತಲ್ಲಿ ಕರ್ಕೊಂಡು ಬಂದು ಇಲ್ಲಿ ಒಂದು ಊಟ ಹಾಕಿಸ್ಬೇಕು."

ನಾನು ಹೆಮ್ಮೆಯಿಂದ ಡೈರಿಯನ್ನು ಅವರ ಕಡೆಗೆ ತಿರುಗಿಸಿ ಕೆಂಪು ಸುತ್ತಿನ ಮೇಲೆ ಬೆರಳಿಟ್ಟೆ. "ಮಂಗಳವಾರ ಮೂರು ಗಂಟೆ ಮೇಲೆ ಬನ್ನಿ ಸಾರ್. ಒಬ್ಬರೂ ಇರಲ್ಲ. ಅಡುಗೆಯವರೂ ಗಿರಣಿಗೆ ಹೋಗಿರ್ತಾರೆ, ಅಮ್ಮ ಒಬ್ಬರೇ. ಮೊಸರನ್ನ ಎತ್ತಿಟ್ಟಿರೋಕೆ ಹೇಳ್ತೀನಿ."

"ಅಮ್ಮನಿಗೆ ಹೇಳ್ಬೇಡ. ಸರ್‌ಪ್ರೈಸ್ ಇರ್ಲಿ" ಎಂದು ನಕ್ಕರು. ನಾನು ಹೇಳಲಿಲ್ಲ.

ಆ ಮಂಗಳವಾರ ನಾನು ಅಜ್ಜಿಯೊಬ್ಬರನ್ನು ಕಾಯುತ್ತ ಗಂಟೆಯ ಮೇಜನ್ನು ಒರೆಸಿಟ್ಟಿದ್ದೆ. ನನ್ನ ಪಟ್ಟಿಯಲ್ಲಿ ಒಂದು ದೋಷವಿತ್ತು. ಆ ಹೊತ್ತಿನಲ್ಲಿ ಪ್ರತಿವಾರ ಅಲ್ಲೇ ಕೂತಿರುತ್ತಿದ್ದ ನನ್ನನ್ನು ನಾನು ಎಣಿಸಿರಲಿಲ್ಲ.

ಮೂರೂ ಇಪ್ಪತ್ತಕ್ಕೆ ಗೇಟಿನ ಹೊರಗೆ ವ್ಯಾನು ನಿಂತಿತು. ಐದು ಜನ ಇಳಿದರು. ಸಫಾರಿ ಸೂಟಿನವನ ಹಿಂದೆ ನಾಲ್ವರು, ಒಬ್ಬನ ಕೈಯಲ್ಲಿ ಹಾರೆ, ಇನ್ನೊಬ್ಬನ ಕೈಯಲ್ಲಿ ಸೈಕಲ್ ಚೈನು. ಜಗಲಿಯಲ್ಲಿದ್ದ ಬಂಗಲೆಯಮ್ಮ ಒಮ್ಮೆ ನೋಡಿದವರೇ ಒಳಗೆ ಬಂದು ಮುಂಬಾಗಿಲು ಹಾಕಿ ಅಗುಳಿ ತಳ್ಳಿದರು. ಹಗಲಿನಲ್ಲಿ ಅದು ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕಿಟಕಿಗಳಿಗೆ ಕಂಬಿ, ಹಿತ್ತಲಿಗೆ ಗಾಜಿನ ಚೂರು ನೆಟ್ಟ ಎತ್ತರದ ಗೋಡೆ. ಅವರು ಒಳಗೆ ಬರಬೇಕಾದರೂ, ನಾವು ಆಚೆ ಹೋಗಬೇಕಾದರೂ ಅದೊಂದೇ ದಾರಿ.

"ಅತ್ತಿಗೆ, ಬಾಗಿಲು ತೆಗೀರಿ. ಮಾತಾಡೋಣ" ಎಂದ ಹೊರಗಿನವನು. ಧ್ವನಿ ಶನಿವಾರದಷ್ಟೇ ಮೃದುವಾಗಿತ್ತು. ಅತ್ತಿಗೆ ಎಂಬ ಮಾತು ಕಿವಿಗೆ ಬಿದ್ದಾಗ ಇವನು ಯಾರೆಂದು ನನಗೆ ತಿಳಿಯಿತು.

"ಅವತ್ತು ರೇಡಿಯೋ ಜೋರು ಮಾಡಿದ್ಯಲ್ಲೋ. ಇವತ್ತೇನು ತಂದಿದೀಯಾ?" ಎಂದರು ಬಂಗಲೆಯಮ್ಮ.

ಮೊದಲ ಗುದ್ದು ಬಿತ್ತು. ಚೌಕಟ್ಟಿನಿಂದ ಗಾರೆ ಉದುರಿತು. ನಾವಿಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಒತ್ತಿ ನಿಂತೆವು. ನನ್ನ ಕಾಲು ನೆಲದ ಮೇಲೆ ಜಾರುತ್ತಿತ್ತು. ಅವರು ನನ್ನ ಮುಖ ನೋಡಿ ಹೇಳಿದರು: "ಎಣಿಸೇ. ಬಾಯಿಬಿಟ್ಟು ಎಣಿಸು. ನಾನೊಬ್ಬಳೇ ನಲವತ್ತೊಂದಕ್ಕೆ ಒಡೆದೆ. ಇವರು ಐದು ಜನ ಗಂಡಸರು, ಎಷ್ಟಕ್ಕೆ ಒಡೀತಾರೋ ನೋಡೋಣ."

ನಾನು ಕೂಗಿ ಎಣಿಸಿದೆ. ಪ್ರತಿ ಗುದ್ದು ಬೆನ್ನುಮೂಳೆಯ ಮೂಲಕ ಹಲ್ಲಿಗೆ ಬರುತ್ತಿತ್ತು. ಹನ್ನೆರಡಕ್ಕೆ ಮೇಲಿನ ಕೀಲು ಸಡಿಲವಾಯಿತು. ಹತ್ತೊಂಬತ್ತಕ್ಕೆ ನನ್ನ ಭುಜದ ಪಕ್ಕ ಹಲಗೆ ಬಿರಿದು ಬೆಳಕು ಕಂಡಿತು. ಇಪ್ಪತ್ತೈದಕ್ಕೆ ಆ ಬಿರುಕು ಕೈ ತೂರುವಷ್ಟು ಅಗಲವಾಯಿತು. ನಾನು ಇನ್ನೂ ಅಲ್ಲೇ ತಲೆ ಆನಿಸಿಕೊಂಡಿದ್ದೆ. ಬಂಗಲೆಯಮ್ಮ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಆ ಜಾಗಕ್ಕೆ ತಾವು ಒರಗಿದರು. ಇಪ್ಪತ್ತಾರನೆಯದಕ್ಕೆ ಹಾರೆ ಹಲಗೆಗೆ ತಾಗದೆ ಬಿರುಕಿನ ಮೂಲಕ ಒಳಗೆ ಬಂದು ಅವರ ಕಿವಿಯ ಮೇಲ್ಭಾಗಕ್ಕೆ ಬಿತ್ತು. ಹಸಿ ಕುಂಬಳಕಾಯಿ ನೆಲಕ್ಕೆ ಬಿದ್ದಂಥ ಸದ್ದು.

ಅವರು ಮಂಡಿಯೂರಿದರು. ಬಾಗಿಲು ಬಿತ್ತು.

ಒಳಗೆ ಬಂದ ಮೈದುನ ಮೊದಲು ಕಂಡದ್ದು ನನ್ನನ್ನು. "ನೀನ್ಯಾಕೇ ಇಲ್ಲಿದೀಯಾ? ಯಾರೂ ಇರಲ್ಲ ಅಂತ ನೀನೇ ಬರೆದು ತೋರಿಸಿದ್ಯಲ್ಲ?"

ಬಂಗಲೆಯಮ್ಮ ತಲೆ ಎತ್ತಿ ನನ್ನ ಕಡೆ ನೋಡಿದರು. ಒಂದು ಕಣ್ಣಿನ ತುಂಬ ರಕ್ತ ಇಳಿದಿತ್ತು. ಇನ್ನೊಂದು ಕಣ್ಣಿನಲ್ಲಿ ನೋಡಿದರು.

ಅವರನ್ನು ಎಳೆದು ತಂದು ಗಂಟೆಯ ಮೇಜಿನ ಮುಂದೆ ಕೂರಿಸಿದರು. ಮಿಕ್ಕವರು ಬೆಂಚು ಒಡೆಯುತ್ತಿದ್ದರು, ತಟ್ಟೆ ಲೋಟಗಳನ್ನು ಗೋಡೆಗೆ ಎಸೆಯುತ್ತಿದ್ದರು. ನಾನು ಒಬ್ಬನ ತೋಳಿಗೆ ಜೋತುಬಿದ್ದೆ. ಅವನು ಕೊಡವಿದ ರಭಸಕ್ಕೆ ಒರಳಿನ ಅಂಚಿಗೆ ಹೋಗಿ ಬಿದ್ದೆ. ಎಡ ಭುಜದ ಮೂಳೆ ಬಿರುಕು ಬಿಟ್ಟದ್ದು ಆಗ. ಮೈದುನ ಕಾಗದ ಹರಡಿ, ಪೆನ್ನಿನ ಮುಚ್ಚಳ ತೆಗೆದು ಅವರ ಬೆರಳುಗಳ ನಡುವೆ ತುರುಕಿದ.

"ಒಂದು ಸೈನ್ ಹಾಕ್ಬಿಡಿ ಅತ್ತಿಗೆ. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ಎಲ್ಲಿ, ಜಾಗ ತೋರ್ಸು" ಎಂದರು.

ಅವನು ಕಾಗದದ ಮೇಲೆ ಬೆರಳಿಟ್ಟು ತೋರಿಸಿದ. ಅವರು ಪೆನ್ನನ್ನು ಅವನ ಆ ಕೈಗೆ ಚುಚ್ಚಿದರು. ಸೊಟ್ಟ ಬೆರಳುಗಳ ಕೈಯ ಮೇಲೆ ಇನ್ನೊಂದು ಕೈ ಇಟ್ಟು, ಇಡೀ ಮೈಯ ಭಾರ ಹಾಕಿ ಒತ್ತಿದರು. ಅವನು ಕಿರುಚಿಕೊಂಡು ಎಳೆದಾಡಿದ. ಮೇಜಿನ ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಚೈನಿನವನು ಅವರ ಬೆನ್ನಿಗೆ ನಾಲ್ಕು ಬೀಸಿದ. ಅವರು ಬಿಡಲಿಲ್ಲ. ಗಂಟೆಯ ಸದ್ದು ನಿಲ್ಲದಿದ್ದದ್ದನ್ನು ರಸ್ತೆಯಿಂದ ಕೇಳಿ, ಗಿರಣಿಯಿಂದ ಬರುತ್ತಿದ್ದ ಅಡುಗೆಯವರು ಹಿಟ್ಟಿನ ಡಬ್ಬಿ ಬಿಸಾಕಿ, ಎದುರಿನ ಸೈಕಲ್ ಅಂಗಡಿಯವರನ್ನೆಲ್ಲ ಕರೆದುಕೊಂಡು ಓಡಿಬಂದರು. ವ್ಯಾನು ಹೊರಟುಹೋಯಿತು. ಕಾಗದ ಅಲ್ಲೇ ಉಳಿಯಿತು. ಅದರ ಮೇಲೆ ಸಹಿ ಇರಲಿಲ್ಲ.

ಆಸ್ಪತ್ರೆಗೆ ಬಂದ ಇನ್‌ಸ್ಪೆಕ್ಟರು ನನ್ನಿಂದ ಎಲ್ಲ ಬರೆಸಿಕೊಂಡರು. ಹೊತ್ತು, ವ್ಯಾನಿನ ನಂಬರು, ಗುದ್ದುಗಳ ಲೆಕ್ಕ ಎಲ್ಲವೂ ನನ್ನಲ್ಲಿತ್ತು. ಕೊನೆಗೆ, "ಆ ಹೊತ್ತಲ್ಲಿ ಅಮ್ಮ ಒಬ್ರೇ ಇರ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಹಾಸಿಗೆಯ ಮೇಲಿನಿಂದ ಬಂಗಲೆಯಮ್ಮನ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಆ ಎರಡು ಬೆರಳುಗಳಲ್ಲಿ ಅಷ್ಟು ಬಲವಿದೆ ಎಂದು ನನಗೆ ತಿಳಿದಿರಲಿಲ್ಲ.

"ಮಂಗಳವಾರ ನನ್ನ ಗಿರಣಿ ದಿನ ಅಂತ ಇಡೀ ರಸ್ತೆಗೆ ಗೊತ್ತು ಸಾರ್" ಎಂದರು.

ಮೈದುನ ಠಾಣೆಯಲ್ಲಿ ಮುಚ್ಚಳಿಕೆ ಬರೆದುಕೊಟ್ಟ. ಅತ್ತಿಗೆ ಬದುಕಿರುವ ತನಕ ಬಂಗಲೆಯ ತಂಟೆಗೆ ಬರುವುದಿಲ್ಲ ಎಂದು. ತಲೆಗೆ ಹದಿನಾಲ್ಕು ಹೊಲಿಗೆ ಹಾಕಿಸಿಕೊಂಡ ಅವರು ಮೂರನೇ ವಾರಕ್ಕೆ ಮತ್ತೆ ಒಲೆ ಹಚ್ಚಿದರು. ನಾನು ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಊಟಕ್ಕೆ ಹೋದೆ. ಅವರು ಮೂಲೆಗೆ ಕೈ ತೋರಿಸಿದರು. ತೇಪೆ ಹಾಕಿದ ಮೇಜು.

ಹನ್ನೊಂದು ದಿನ ಅಲ್ಲೇ ಊಟ ಮಾಡಿದೆ. ಬಡಿಸುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ, ತುಪ್ಪವೂ ಎಂದಿನಷ್ಟೇ. ಒಂದು ಮಾತೂ ಆಡಲಿಲ್ಲ. ಅವರು ಎರಡು ಬಾರಿಸಿದ್ದರೆ ಅನ್ನ ಸುಲಭವಾಗಿ ಇಳಿಯುತ್ತಿತ್ತು. ಹಲಗೆಯ ತೇಪೆಯ ಮೇಲೆ ಕೈ ಇಟ್ಟುಕೊಂಡು ದಿನವೂ ಎಲೆ ಖಾಲಿ ಮಾಡಿ ಎದ್ದು ಬರುತ್ತಿದ್ದೆ. ಅರ್ಧಕ್ಕೆ ಏಳುವ ಧೈರ್ಯವಾಗಲಿಲ್ಲ.

ಹನ್ನೆರಡನೇ ದಿನ ಹೋದಾಗ ಮುಂಬಾಗಿಲಿಗೆ ಹೊಸ ಕದ ಬಂದಿತ್ತು. ಒಡೆದ ಹಳೆಯದು ಬಲಗಡೆಯ ಕೋಣೆಯಲ್ಲಿ, ಬಣ್ಣದ ಗಾಜಿನ ಕೆಳಗೆ, ನಾಲ್ಕು ಕಾಲಿನ ಮೇಲೆ ನಿಂತಿತ್ತು. ಹನ್ನೊಂದನೇ ಮೇಜು. ಹಾರೆಯ ಗುಳಿಗಳನ್ನು ಬಡಗಿ ಮುಚ್ಚಿರಲಿಲ್ಲ.

"ಬಾರೇ ಇಲ್ಲಿ" ಎಂದು ಎಲೆ ಹಾಕಿದರು.

ಕೂತೆ. ಕೇಳದೆ ಇರಲಾಗಲಿಲ್ಲ. "ಅಮ್ಮಾ, ಹೇಳಿದ್ದು ನಾನೇ ಅಂತ ಮುಂಚೆನೇ ಗೊತ್ತಿದ್ದಿದ್ರೆ ನನ್ನ ಪಕ್ಕಕ್ಕೆ ತಳ್ತಾ ಇದ್ರಾ?"

"ತಳ್ತಿದ್ದೆ. ತಳ್ಳಿ ಆಮೇಲೆ ಎರಡು ಬಾರಿಸ್ತಿದ್ದೆ."

"ಮತ್ತೆ ಯಾಕೆ ಬಾರಿಸಲಿಲ್ಲ?"

ಅವರು ತುಪ್ಪದ ಬಟ್ಟಲು ಹಿಡಿದು ನಿಂತೇ ಇದ್ದರು. "ಈ ಮನೆಗೆ ಬಂದಾಗಿಂದ ಎಲ್ಲರೂ ಬಾಗಿಲನ್ನ ಆ ಕಡೆಯಿಂದ ಹಿಡ್ಕೊಂಡೋರೇ ಕಣೇ. ನನ್ನ ಜೊತೆ ಈ ಕಡೆಯಿಂದ ಹಿಡಿದಿದ್ದು ನೀನೊಬ್ಳೇ. ಊಟ ಮಾಡು, ಆರತ್ತೆ."

ಆ ಗಾಯದಿಂದ ಅವರು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಬಡಿಸುತ್ತ ಬಡಿಸುತ್ತ ಒಮ್ಮೊಮ್ಮೆ ನಿಂತುಬಿಡುತ್ತಿದ್ದರು. ತುಪ್ಪ ಎಲೆಯ ಆಚೆ ಬೀಳತೊಡಗಿತು. ಅಡುಗೆಯವರ ಬೆನ್ನಿಗೆ ಸೌಟು ಬೀಳುವುದು ನಿಂತಿತು. ಅದು ಅಡುಗೆಯವರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಏಳು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಹೆಸರುಬೇಳೆ ಆರಿಸುತ್ತ ಕೂತಿದ್ದವರಿಗೆ ಮೈ ಸೆಟೆದು ಬಂತು. ಮೊರ ಜಾರಿ ಬೇಳೆಯೆಲ್ಲ ಚೆಲ್ಲಿತು. ಆಟೋ ತರುವಷ್ಟರಲ್ಲಿ ಮುಗಿದಿತ್ತು.

ಮೈದುನ ಮುಚ್ಚಳಿಕೆಯನ್ನು ಅಕ್ಷರಶಃ ಪಾಲಿಸಿದ. ವೈಕುಂಠ ಸಮಾರಾಧನೆಯ ಮರುದಿನ ಸುತ್ತಿಗೆಯ ಆಳುಗಳು ಬಂದರು. ಮೊದಲು ಬಣ್ಣದ ಗಾಜುಗಳನ್ನು ಒಡೆದರು, ಆಮೇಲೆ ಜಾಲರಿ, ಆಮೇಲೆ ಗೋಡೆ. ಬಂಗಲೆ ಬೀಳಲು ಒಂಬತ್ತು ದಿನ ಹಿಡಿಯಿತು. ಅಲ್ಲೀಗ ರಸ್ತೆಗೆ ಸರಿಯಾಗಿ, ಒಂದು ಅಂಗುಲವೂ ಓರೆಯಿಲ್ಲದ ಕಟ್ಟಡ ಏಳುತ್ತಿದೆ. ಅಡುಗೆಯವರು ಗಂಟೆಯ ಬಾಗಿಲನ್ನು ಕೈಗಾಡಿಯ ಮೇಲೆ ಹಾಕಿಕೊಂಡು ಮಾರೇನಹಳ್ಳಿಗೆ ಹೋದರು. ಅಲ್ಲಿ ಚಿಕ್ಕದೊಂದು ಹೋಟೆಲು ಇಟ್ಟಿದ್ದಾರೆ. ಬೇಳೆಗೆ ಸೋಡ ಹಾಕುವುದಿಲ್ಲ.

ಒಡೆದ ಹಳೆಯ ಮುಂಬಾಗಿಲು ನನ್ನ ಕೋಣೆಯಲ್ಲಿದೆ. ಇದನ್ನು ಬರೆಯುತ್ತಿರುವುದು ಅದರ ಮೇಲೆಯೇ. ದಿನವೂ ಊಟಕ್ಕೆ ಕೂರುವ ಮುಂಚೆ ಹಾರೆಯ ಗುಳಿಗಳನ್ನು ಬೆರಳಿನಿಂದ ಮುಟ್ಟಿ ಎಣಿಸುತ್ತೇನೆ. ಡೈರಿಯಲ್ಲಿ ಇಪ್ಪತ್ತಾರು ಎಂದಿದೆ. ಬಾಗಿಲಿನ ಮೇಲೆ ಇಪ್ಪತ್ತೈದೇ ಇವೆ. ಎಣಿಕೆಯಲ್ಲಿ ತಪ್ಪಿಲ್ಲ.